ಬಿಚ್ಚಿ ಹೊಲಿದ ರೆಕ್ಕೆ

ಅತ್ತೆಯನ್ನು ಹೊಗಳಿ ಬರೆಯುತ್ತಿರುವ ಸೊಸೆ ನಾನು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಮ್ಮತ್ತೆ ನಲವತ್ತೊಂದು ವರ್ಷ ಬಟ್ಟೆ ಹೊಲಿದವರು. ಬೀದಿಯವರಿಗೆಲ್ಲ ಅವರು ಟೈಲರಮ್ಮ. ಎದುರಿಗೆ ಯಾರು ಬಂದರೂ ಮುಖ ನೋಡುವ ಮೊದಲು ಭುಜ ನೋಡುತ್ತಾರೆ. ನಾನು ಈ ಮನೆಗೆ ಮೊದಲ ಸಲ ಬಂದಾಗ ‘ಬಾಮ್ಮ, ಕೂತ್ಕೋ’ ಅಂದಿದ್ದು ಆಮೇಲೆ. ಮೊದಲು ಕೇಳಿದ್ದು, “ನಿನ್ನ ಎಡಗಡೆ ತೋಳು ಯಾರು ಕೂರ್ಸಿದ್ದು? ಬಿಚ್ಚಿ ಹೊಲೀಬೇಕು ಅದನ್ನ.” ಹೊಸ ಅಂಗಿ ಹಾಕಿಕೊಂಡು ಜಂಭದಿಂದ ಬಂದಿದ್ದ ನನಗೆ ಹೇಗಾಗಿರಬೇಡ.

ಅವರದ್ದೊಂದು ಹಠವಿತ್ತು. ಹೊಲಿಯುವಾಗ ಎಲ್ಲಾದರೂ ತಪ್ಪಿ ಬಿಚ್ಚಿ ಹೊಲಿದಿದ್ದರೆ, ಅದನ್ನು ಗಿರಾಕಿಗೆ ಹೇಳದೆ ಬಟ್ಟೆ ಕೊಡುತ್ತಿರಲಿಲ್ಲ. ಕಣ್ಣಿಗೆ ಬೀಳದ ಹಾಗೆ ಸರಿಮಾಡಿರುತ್ತಿದ್ದರು, ಆದರೂ ಬೆರಳಿಟ್ಟು ತೋರಿಸುತ್ತಿದ್ದರು. ಬೇರೆ ಟೈಲರ್‌ಗಳು ಇದನ್ನು ಕೇಳಿ ನಗುತ್ತಿದ್ದರು. ಇನ್ನು ಅವರ ಹತ್ತಿರ ಕೆಲಸ ಕಲಿತವರಿಗೆ ಸಿಗುತ್ತಿದ್ದ ದೊಡ್ಡ ಹೊಗಳಿಕೆ ಅಂದರೆ ‘ಪರವಾಗಿಲ್ಲ’ ಎಂಬ ಒಂದು ಮಾತು.

ಆಮೇಲೆ ಅವರ ಕೈ ನಡುಗಲು ಶುರುವಾಯಿತು. ಸೂಜಿಗೆ ದಾರ ಪೋಣಿಸಲು ಆಗದ ದಿನ ಅಂಗಡಿ ಮುಚ್ಚಿದರು. ಕಿಟಕಿಯ ಹತ್ತಿರ ಕೂತು ಬೀದಿಯಲ್ಲಿ ಹೋಗುವವರ ತೋಳುಗಳ ಬಗ್ಗೆ ತೀರ್ಪು ಕೊಡುವುದೇ ಕೆಲಸವಾಯಿತು. ಊಟ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ನನಗೆ ಅವರ ಬೈಗುಳವೇ ವಾಸಿ ಅನ್ನಿಸತೊಡಗಿತ್ತು.

ಅಂಥ ಹೊತ್ತಿನಲ್ಲಿ ಹಣ್ಣಿನ ತೋಟದ ಯಜಮಾನರು ಮನೆಗೆ ಬಂದರು. ಅವರು ಅತ್ತೆಯ ಹಳೇ ಗಿರಾಕಿ. ಮರಗಳ ಕೆಳಗಿನ ಕಳೆ ಮೇಯಲಿ ಎಂದು ಹೆಬ್ಬಾತು ಸಾಕಲು ಹೊರಟಿದ್ದರು. ಮರಿ ಮಾಡಿಸುವ ಯಂತ್ರದಲ್ಲಿ ಇಟ್ಟ ಮೊಟ್ಟೆಗಳಿಂದ ಹನ್ನೆರಡು ಮರಿ ಬಂದಿದ್ದವು. ತಾಯಿ ಇಲ್ಲ, ನೋಡಿಕೊಳ್ಳಲು ಅವರಿಗೆ ಪುರುಸೊತ್ತಿಲ್ಲ.

“ಹತ್ತು ವಾರ ಸಾಕಿ ಕೊಡಿ ಟೈಲರಮ್ಮ. ಇವುಗಳಿಂದಾನೇ ಮುಂದಿನ ಮರಿ ಮಾಡಿಸ್ಬೇಕು, ಹಾಗಾಗಿ ಮೈ, ರೆಕ್ಕೆ ಎಲ್ಲ ನೆಟ್ಟಗಿರ್ಬೇಕು. ಚೆನ್ನಾಗಿ ಬಂದ್ರೆ ಇನ್ಮೇಲೆ ಎಲ್ಲಾ ಮರೀನೂ ನಿಮ್ಮ ಕೈಗೇ. ಇಲ್ದಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡಿ.”

“ಈ ವಯಸ್ಸಲ್ಲಿ ಇದೆಲ್ಲ ಯಾಕಮ್ಮ?” ಎಂದರು ನನ್ನ ಗಂಡ. ಅತ್ತೆ ಮಗನ ಕಡೆ ತಿರುಗಿಯೂ ನೋಡಲಿಲ್ಲ. “ನಡುಗೋ ಕೈಲೂ ಹುಲ್ಲು ಹೆಚ್ಚಬಹುದು,” ಎಂದರು. ಎಷ್ಟೋ ತಿಂಗಳ ಮೇಲೆ ಅವರ ದನಿಯಲ್ಲಿ ಹಳೇ ಗತ್ತು ಕೇಳಿ ನನಗೆ ಜೀವ ಬಂದಂತಾಯಿತು.

ಹೊಲಿಗೆ ಮೆಷಿನ್ ಇದ್ದ ಕೋಣೆ ಮರಿಗಳ ಕೋಣೆಯಾಯಿತು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹಲಗೆ ಅಡ್ಡ ಕಟ್ಟಿ, ಬೆಚ್ಚಗಿರಲು ಬಲ್ಬು ಇಳಿಬಿಟ್ಟರು. ಪಶುವೈದ್ಯೆಯನ್ನು ಕಂಡು ಎಲ್ಲ ಕೇಳಿಕೊಂಡು ಬಂದರು. ಮೊದಲ ಮೂರು ವಾರ ಪುಷ್ಟಿಯ ಪುಡಿ ಆಹಾರ. ಕಾಲಿಗೆ ಬಲ ಬರಲು ಅದರಲ್ಲಿ ಒಂದಿಷ್ಟು ಯೀಸ್ಟ್ ಪುಡಿ. ಮೂಗು ಮುಳುಗಿಸಿ ತೊಳೆದುಕೊಳ್ಳುವಷ್ಟು ಆಳದ, ಆದರೆ ಮೈ ನೆನೆಯದಂಥ ನೀರಿನ ಬಟ್ಟಲು. ಮೂರು ವಾರ ದಾಟಿದ ಮೇಲೆ ಹುಲ್ಲು ಹೊಟ್ಟೆ ತುಂಬ, ಪುಡಿ ಮಾತ್ರ ಅಳತೆಯಲ್ಲಿ. ಹಳೇ ಅಳತೆ ಪುಸ್ತಕದಲ್ಲಿ ಒಂದೊಂದು ಮರಿಗೂ ಒಂದೊಂದು ಪುಟ ಸಿಕ್ಕಿತು. ಎದೆ ಇಷ್ಟು, ರೆಕ್ಕೆ ಇಷ್ಟು. ಹಳದಿ ತುಪ್ಪಳ ಉದುರಿ ಭುಜದ ಮೇಲೆ ಮೊದಲ ಬಿಳಿ ಗರಿ ಮೂಡಿದ ದಿನ ಅತ್ತೆ ಬೀದಿಯವರನ್ನೆಲ್ಲ ಕರೆದು ತೋರಿಸಿದರು.

ಈಗ ನನ್ನ ಘನಕಾರ್ಯ ಹೇಳಬೇಕು.

ಹನ್ನೆರಡರಲ್ಲಿ ಒಂದು ಮರಿ ಪೀಚಲಾಗಿತ್ತು. ಬೇರೆಯವು ತಳ್ಳಿದಾಗ ನನ್ನ ಕಾಲ ಬಳಿ ಬಂದು ಗೋಗರೆಯುತ್ತಿತ್ತು. ನಾನು ಕೆಲಸ ಮಾಡುವುದು ಔಷಧಿ ಅಂಗಡಿಯಲ್ಲಿ. ‘ಮಗುಗೆ ತೂಕಾನೇ ಬರ್ತಿಲ್ಲ, ಟಾನಿಕ್ ಕೊಡಿ’ ಎಂಬ ಮಾತು ಕೇಳಿ ಕೇಳಿ ನನಗೂ ಅದೇ ಬುದ್ಧಿ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು, ಅಡುಗೆಮನೆ ಬಾಗಿಲ ಹಿಂದೆ, ಪುಡಿಗೆ ಬೇಯಿಸಿದ ಮೊಟ್ಟೆ, ಬ್ರೆಡ್ಡು ಕಲಸಿ ಕದ್ದು ತಿನ್ನಿಸುತ್ತಿದ್ದೆ. ಮರಿ ದಿಢೀರನೆ ಬೆಳೆದು ಎಲ್ಲಕ್ಕಿಂತ ದೊಡ್ಡದಾಯಿತು. ನಾನು ಒಳಗೊಳಗೇ ಬೀಗುತ್ತಿದ್ದೆ.

ಆರನೇ ವಾರದಲ್ಲಿ ಅತ್ತೆ ಅದನ್ನೇ ದಿಟ್ಟಿಸುತ್ತಾ ನಿಂತರು. “ಇದರ ಎಡಗಡೆ ತೋಳು ಸರಿಯಾಗಿ ಕೂತಿಲ್ಲ ಕಣೆ,” ಎಂದರು.

“ಅದು ಮರಿ, ಕೋಟಲ್ಲ ಅತ್ತೆ,” ಎಂದು ನಕ್ಕೆ. ಎರಡು ದಿನಕ್ಕೆ ನನ್ನ ನಗು ಅಡಗಿತು. ಎಡ ರೆಕ್ಕೆಯ ತುದಿ ಮೈಗೆ ಅಂಟಿ ಮಡಿಚಿಕೊಳ್ಳದೆ ಹೊರಕ್ಕೆ ತಿರುಚಿಕೊಂಡಿತ್ತು.

ಪಶುವೈದ್ಯೆ ಬಂದು ನೋಡಿದರು. “ಇದಕ್ಕೆ ಯಾರಾದ್ರೂ ಹೆಚ್ಚಿಗೆ ತಿನ್ನಿಸ್ತಿದೀರಾ? ಗರಿ ಬೇಗ ಬೇಗ ಬೆಳೆದು ಭಾರ ಆಗಿದೆ. ಕೀಲು ಇನ್ನೂ ಎಳೇದು, ತಡ್ಕೊಳ್ಳಲ್ಲ. ಈಗ್ಲೇ ಮಡಚಿ ಕಟ್ಟಿ, ಹುಲ್ಲಿನ ಮೇಲೆ ಇಟ್ರೆ ಸರಿಹೋಗ್ಬಹುದು. ಬಿಟ್ರೆ ಜೀವನಪೂರ್ತಿ ಹೀಗೇ.”

ಅತ್ತೆಗೆ ಮತ್ತೆ ಸಿಕ್ಕ ಒಂದೇ ಒಂದು ಕೆಲಸವನ್ನು ನಾನೇ ಹಾಳು ಮಾಡಿದ್ದೆ. ಎಲ್ಲ ಒಪ್ಪಿಕೊಂಡೆ. ಬೈಯಲಿ ಎಂದು ಕಾದು ನಿಂತೆ. ಅವರು ಬೈಯಲಿಲ್ಲ.

“ಜಾಸ್ತಿ ಬಟ್ಟೆ ಹಾಕಿದ ಮಾತ್ರಕ್ಕೆ ಕೋಟು ಚೆನ್ನಾಗಾಗುತ್ತಾ? ಹೋಗು, ಆ ಫ್ಲಾನೆಲ್ ತುಂಡು ತಗೊಂಡು ಬಾ.”

ಔಷಧಿ ಅಂಗಡಿಯಿಂದ ಅಂಟುವ ಪಟ್ಟಿ ತರುತ್ತೇನೆಂದೆ. ಗರಿ ಕಿತ್ತು ಬರುತ್ತದೆ, ಬೇಡ ಎಂದರು. ಎರಡು ಬೆರಳಗಲದ ಬಟ್ಟೆ ಪಟ್ಟಿ ಹರಿದು ರೆಕ್ಕೆಗೆ ಸುತ್ತಲು ಹೋದರು. ಕೈ ನಡುಗಿತು. ಬೆಳೆಯುವ ಗರಿಯ ಬುಡದಲ್ಲಿ ರಕ್ತ ತುಂಬಿರುತ್ತದೆ, ಮುರಿದರೆ ಸುರಿಯುತ್ತದೆ. ಮತ್ತೊಮ್ಮೆ ಸುತ್ತಲು ನೋಡಿದರು. ಆಮೇಲೆ ಪಟ್ಟಿಯನ್ನು ನನ್ನ ಕಡೆ ಚಾಚಿದರು. “ನೀನೇ ಕಟ್ಟು.”

ಜೀವಮಾನದಲ್ಲಿ ಒಂದು ಗುಂಡಿಯನ್ನೂ ಹೊಲಿದವಳಲ್ಲ ನಾನು. ಅವರು ಮರಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡರು.

“ರೆಕ್ಕೆಗೆ ಮೂರು ಮಡಿಕೆ ಇದೆ, ನೋಡ್ಕೋ. ಹಾಗೇ ಮಡಚು. ಬಿಗಿ ಆಯ್ತು, ಬೆರಳು ತೂರ್ಬೇಕು ಒಳಗೆ. ಬಿಚ್ಚು.”

ಬಿಚ್ಚಿದೆ. ಕಟ್ಟಿದೆ.

“ಸಡಿಲ ಆಯ್ತು. ಬಿಚ್ಚು.”

ಏಳು ಸಲ ಬಿಚ್ಚಿಸಿದರು. ಎಂಟನೆಯದಕ್ಕೆ ಮರಿಯನ್ನು ನೆಲಕ್ಕೆ ಬಿಟ್ಟರು. ಆವತ್ತಿನಿಂದ ದಿನಾ ಪಟ್ಟಿ ಬಿಚ್ಚಿ, ಮರಿ ಒಂದಷ್ಟು ಹೊತ್ತು ರೆಕ್ಕೆ ಕೊಡವಿಕೊಂಡ ಮೇಲೆ ಮತ್ತೆ ಕಟ್ಟುತ್ತಿದ್ದೆ. ಮೊಟ್ಟೆ ಬ್ರೆಡ್ಡಿಗೆ ಕತ್ತರಿ ಬಿತ್ತು. ಮರಿ ಬಾಗಿಲ ಹಿಂದೆ ನನ್ನನ್ನು ಹುಡುಕಿಕೊಂಡು ಬಂದು ಕೂಗಿದರೆ ಹುಲ್ಲನ್ನೇ ತೋರಿಸುತ್ತಿದ್ದೆ. ಒಂಬತ್ತನೇ ದಿನ ಪಟ್ಟಿ ಬಿಚ್ಚಿದಾಗ ರೆಕ್ಕೆ ತಾನಾಗಿ ಮಡಿಚಿಕೊಂಡು ಮೈಗೆ ಅಂಟಿ ಕೂತಿತು. ಮರುದಿನವೂ ಹಾಗೇ ಇತ್ತು. ಅದರ ಮಾರನೇ ದಿನ ಅತ್ತೆ ಪಟ್ಟಿಯನ್ನು ಒಗೆದು ಮಡಚಿಟ್ಟರು.

ಹತ್ತು ವಾರ ತುಂಬಿತು. ತೋಟದ ಯಜಮಾನರು ಬರುವ ದಿನ ನಾನು ಅತ್ತೆಯ ಹಿಂದೆ ಬಿದ್ದೆ. “ರೆಕ್ಕೆ ಸರಿಹೋಗಿದೆಯಲ್ಲ ಅತ್ತೆ. ಅವರಿಗೆ ಹೇಳೋದು ಬೇಡ. ಕೆಲಸ ಕೈ ತಪ್ಪಿಹೋಗುತ್ತೆ.” ಅವರು ಹುಲ್ಲು ಹೆಚ್ಚುತ್ತಲೇ ಇದ್ದರು.

ಹನ್ನೆರಡು ಬಿಳಿ ಹಕ್ಕಿಗಳು ಹಿತ್ತಲಲ್ಲಿ ಕತ್ತೆತ್ತಿ ಸಾಲಾಗಿ ನಡೆದವು. ಯಜಮಾನರು ಒಂದೊಂದನ್ನೂ ಹಿಡಿದು, ಬೆನ್ನ ಮೇಲೆ ಕೈಯಾಡಿಸಿ, ರೆಕ್ಕೆ ಬಿಡಿಸಿ ನೋಡಿದರು. ಹನ್ನೆರಡನೆಯದನ್ನೂ ಇಳಿಸಿ, “ಒಂದರಲ್ಲೂ ಒಂದು ಊನ ಇಲ್ಲ,” ಎಂದರು. ಅಷ್ಟರಲ್ಲಿ ಅತ್ತೆ ಎದ್ದು ಹೋಗಿ ಒಂದು ಹಕ್ಕಿಯ ಎಡ ರೆಕ್ಕೆಯ ಮೇಲೆ ಬೆರಳಿಟ್ಟರು.

“ಇದನ್ನ ಬಿಚ್ಚಿ ಹೊಲಿದಿದೆ. ಮೇವು ಹೆಚ್ಚಾಗಿ ತಿರುಚ್ಕೊಂಡಿತ್ತು. ನಮ್ಮ ಮನೇಲಾದ ತಪ್ಪು.”

ನನ್ನ ಕಡೆ ಅಪ್ಪಿತಪ್ಪಿಯೂ ನೋಡಲಿಲ್ಲ. ಯಜಮಾನರು ಆ ರೆಕ್ಕೆಯನ್ನು ಮತ್ತೆ ಬಿಡಿಸಿದರು, ಮಡಚಿದರು, ಬಲಗಡೆಯದರ ಜೊತೆ ಹೋಲಿಸಿ ನೋಡಿದರು.

“ನನ್ನ ಮದುವೆ ಕೋಟಿನ ಕಾಲರ್ ಬಿಚ್ಚಿ ಹೊಲಿದಿದ್ದನ್ನೂ ನೀವೇ ತೋರ್ಸಿದ್ರಿ, ನೆನಪಿದೆ,” ಎಂದರು ನಗುತ್ತಾ. “ಇದು ಕಳೆ ಮೇಯೋಕೆ ಇರ್ಲಿ, ಮರಿ ಮಾಡ್ಸೋದು ಮಿಕ್ಕಿದ್ದರಿಂದ. ಹದಿನೆಂಟು ಮೊಟ್ಟೆ ಯಂತ್ರದಲ್ಲಿದೆ. ಮರಿ ಬಂದ ದಿನಾನೇ ಇಲ್ಲಿಗೆ ತರ್ತೀನಿ. ಅಲ್ಲ ಟೈಲರಮ್ಮ, ಈ ಕೈ ಇಟ್ಕೊಂಡು ಇಷ್ಟು ನಾಜೂಕಾಗಿ ಹೇಗೆ ಕಟ್ಟಿದ್ರಿ?”

“ನನ್ನ ಕೈಲಿ ಎಲ್ಲಿ ಆಗುತ್ತೆ,” ಎಂದರು ಅತ್ತೆ. “ನನ್ನ ಸೊಸೆ ಕೆಲಸ ಅದು. ಎಲ್ಲಿ ಬಿಚ್ಚಿದ್ದು ಅಂತ ನಂಗೂ ಗೊತ್ತಾಗಲ್ಲ.”

ನಲವತ್ತೊಂದು ವರ್ಷದಲ್ಲಿ ‘ಪರವಾಗಿಲ್ಲ’ ದಾಟಿ ಹೋಗದ ಬಾಯಿ ಅದು. ಟೀ ಮಾಡುವ ನೆಪದಲ್ಲಿ ಒಳಗೆ ಓಡಿಹೋಗಿ ಅಡುಗೆಮನೆ ಬಾಗಿಲ ಹಿಂದೆ ಅತ್ತುಬಿಟ್ಟೆ. ಖುಷಿಗೇ ಅತ್ತಿದ್ದು.

ಕಣ್ಣೊರೆಸಿಕೊಂಡು ಟೀ ತಂದಾಗ ಅತ್ತೆ ಎಂದಿನಂತೆ ಮುಖ ನೋಡಲಿಲ್ಲ, ಭುಜ ನೋಡಿದರು. “ಇವತ್ತು ತೋಳು ಸರಿಯಾಗಿ ಕೂತಿದೆ,” ಎಂದು ಲೋಟ ತೆಗೆದುಕೊಂಡರು. ನಾನು ಹಾಕಿಕೊಂಡಿದ್ದು ಮೊದಲ ದಿನದ ಅದೇ ಹಳೇ ಅಂಗಿ; ಆ ತೋಳನ್ನು ಯಾರೂ ಬಿಚ್ಚಿ ಹೊಲಿದಿರಲಿಲ್ಲ.