ಹೊಳೆ ಬತ್ತದೆ

ಜ್ವರ ಬಂತೆಂದರೆ ಸಂತೋಷಪಡುವ ಊರು ನಮ್ಮದು. ಗಾಬರಿ ಬೇಡ, ಜ್ವರ ನಮಗಲ್ಲ, ರೇಷ್ಮೆಹುಳಕ್ಕೆ. ಹುಳ ಬೆಳೆಯುತ್ತ ನಡುನಡುವೆ ಮೇಯುವುದನ್ನು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಹಳೆಯ ಚರ್ಮ ಕಳಚಿಕೊಂಡು ಎದ್ದ ಮೇಲೆಯೇ ಮತ್ತೆ ಸೊಪ್ಪಿಗೆ ಬಾಯಿ ಹಾಕುವುದು. ಇದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಥರ್ಮಾಮೀಟರ್ ಇಟ್ಟು ನೋಡಿದವರೇ ಇಲ್ಲ, ಜ್ವರ ಎಂದು ಹೇಗೆ ಹೇಳುತ್ತೀರಿ ಎಂದು ನಾನು ಚಿಕ್ಕವಳಿದ್ದಾಗಲೇ ಕೇಳಿದ್ದೆನಂತೆ. "ಆ ಜ್ವರ ಒಂದ್ಸಲ ನಿನ್ ಬಾಯ್ಗೂ ಬರ್ಬಾರ್ದಾ" ಎಂದಳಂತೆ ದೊಡ್ಡವ್ವ.

ಬರಲಿಲ್ಲ. ಬದಲಿಗೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಚಟ ಹತ್ತಿತು. ಈಗ ಕಂಡಕ್ಟರ್ "ಮುಂದಕ್ಕೆ ಹೋಗಿ" ಎಂದರೂ, ಯಾವ ಆಧಾರದ ಮೇಲೆ ಎಂದು ಕೇಳಬೇಕೆನಿಸುತ್ತದೆ. ಮನೆಯಲ್ಲಿ ನನ್ನ ಹೆಸರು ಲಾಯರಮ್ಮ.

ನಾನು ಕಾಲೇಜಿಗೆ ಹೋಗುತ್ತಿದ್ದದ್ದು ರಾಗಿ ಹೊಲಗಳು ಒಂದೊಂದಾಗಿ ಹಿಪ್ಪುನೇರಳೆಯ ರೇಷ್ಮೆ ತೋಟಗಳಾಗುತ್ತಿದ್ದ ಕಾಲದಲ್ಲಿ. ಮನೆಯೊಳಗೆ ಹುಳದ ತಟ್ಟೆಗಳಿಗೆ ಜಾಗ ಮಾಡಿ, ಉಳಿದಲ್ಲಿ ನಾವು ಮಲಗುತ್ತಿದ್ದೆವು. ದೂರುತ್ತಿಲ್ಲ ನಾನು. ನನ್ನ ಕನ್ನಡಕ, ಬಸ್ ಪಾಸು, ಕಾಲೇಜು, ಎಲ್ಲವೂ ಆ ಹುಳಗಳು ಜಗಿದು ಕೊಟ್ಟದ್ದೇ. ರಾತ್ರಿ ಅವು ಸೊಪ್ಪು ಮೇಯುವ ಸದ್ದು ಸೋನೆಮಳೆಯ ಹಾಗೆ ಕೇಳುತ್ತದೆ. ಕೆಲವು ವರ್ಷ ನಮಗೆ ಸಿಕ್ಕ ಸೋನೆ ಅದೊಂದೇ.

ಈಗ ಹೊಳೆಯ ವಿಷಯಕ್ಕೆ ಬರುತ್ತೇನೆ. ನಮ್ಮೂರ ಹೊಳೆ ಅರ್ಕಾವತಿ. ಅರ್ಕ ಎಂದರೆ ಸೂರ್ಯ. ಸೂರ್ಯನ ಹೆಸರಿಟ್ಟುಕೊಂಡವಳು ಒಣಗಿದರೆ ತಪ್ಪು ಅವಳದಲ್ಲ, ನಾಮಕರಣ ಮಾಡಿದವರದು ಎಂದು ಒಂದು ಸ್ಪರ್ಧೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅಜ್ಜಿ ಇದ್ದಾಗ "ಹೊಳೆ ಐತೆ" ಎನ್ನುತ್ತಿದ್ದಳು, ಮನೆಯವರೊಬ್ಬರು ಮನೆಯಲ್ಲಿದ್ದಾರೆ ಎನ್ನುವ ಹಾಗೆ. ದೊಡ್ಡವ್ವನ ಕಾಲಕ್ಕೆ ಅದು "ಹೊಳೆ ಬತ್ತದೆ" ಎಂದಾಯಿತು. ಬತ್ತದೆ ಎಂದರೆ ನಮ್ಮಲ್ಲಿ ಬರುತ್ತದೆ ಎಂದರ್ಥ. ಮನೆಯವಳಾಗಿದ್ದ ಹೊಳೆ ಮಳೆಗಾಲಕ್ಕೆ ಬಂದುಹೋಗುವ ನೆಂಟಳಾದಳು. ಅದೇ ಮಾತನ್ನು ಪುಸ್ತಕದ ಕನ್ನಡದಲ್ಲಿ ಓದಿದರೆ "ಬತ್ತಿಹೋಗದೆ" ಎಂದಾಗುತ್ತದೆ. ಕೊಂಚ ಅವಸರದಲ್ಲಿ ಕೇಳಿಸಿಕೊಂಡರೆ "ಬತ್ತುತ್ತದೆ" ಎಂದೂ ಕೇಳುತ್ತದೆ. ಬರುವುದು, ಬತ್ತುವುದು, ಬತ್ತದಿರುವುದು, ಮೂರಕ್ಕೂ ಹೆಚ್ಚುಕಡಿಮೆ ಒಂದೇ ಸದ್ದು. ಇಂಥ ಭಾಷೆಯಲ್ಲಿ ನದಿಯ ಬಗ್ಗೆ ವಾದ ಮಾಡುವುದು ಎಷ್ಟು ಕಷ್ಟ ನೋಡಿ.

ವಾದ ಮಾಡಲೇಬೇಕಾಗಿ ಬಂದದ್ದು ಆ ಕಾಲದ ಒಂದು ಬೇಸಿಗೆಯಲ್ಲಿ. ಹೊಳೆ ಒಣಗಿದ ಮೇಲೆ ಮರಳು ತೋಡಿದರೆ ಗುಂಡಿಯಲ್ಲಿ ನೀರು ಒಸರುತ್ತದೆ, ಅದೇ ಒರತೆ. ಕೆಳಗಿನ ಬೀದಿಯ ಕುರಿ ಸಾಕುವ ಮನೆಗಳವರಿಗೆ ಕುಡಿಯಲು ಅದೊಂದೇ. ಅದಕ್ಕೆ ಸ್ವಲ್ಪ ಮೇಲೆ, ದಡದುದ್ದಕ್ಕೂ ನಮ್ಮಂಥವರ ತೋಟ, ಬಾವಿ, ಮೋಟಾರು. ಒಂದು ಬೆಳಿಗ್ಗೆ ಕೆಳಬೀದಿಯ ಕೆಂಚಣ್ಣ ಬಂದು ಜಗಲಿಯ ಮೇಲೆ ಕೂತ.

"ವರತೆ ತಳ ಕಾಣ್ತಾ ಐತೆ ಕಣಕ್ಕ. ಹಿಂಗೇ ಆದ್ರೆ ಕುರಿ ಹೊಡ್ಕಂಡು ಕಬ್ಬಾಳು ಕಡೀಕ್ ಹೋಗ್ಬುಡ್ತೀನಿ. ಕುರಿಯೇನೋ ನಡೀತವೆ. ಮನೇಲಿರೋರು ಏನ್ ಕುಡಿಯಾದು?"

"ಮಳೆ ಉಯ್ಯದಿದ್ರೆ ನಾನೇನ್ ಮಾಡ್ಲಿ ಕೆಂಚಣ್ಣ? ಮೋಡ ಏನ್ ನನ್ ಸೊಸೇನಾ, ಕರೆದ್ರೆ ಬರಾಕೆ?" ಎಂದಳು ದೊಡ್ಡವ್ವ.

ಅವಳ ಮಾತಿನಲ್ಲೂ ಹುರುಳಿತ್ತು. ಮಳೆಯ ನಡತೆ ಕೆಟ್ಟಿತ್ತು. ಬಂದರೆ ಜಗಳಕ್ಕೆ ಬಂದವರ ಹಾಗೆ ಒಂದೇ ಸಮ ಸುರಿದು, ಮಣ್ಣು ಕಿತ್ತುಕೊಂಡು ಹೋಗುತ್ತಿತ್ತು. ಮೇಲಿನ ಕಟ್ಟೆಗಳು ಬೇರೆ ಬೆಂಗಳೂರಿಗೆ ಕುಡಿಸಿ ಉಳಿದರೆ ತಾನೆ ನಮಗೆ ಬಿಡುವುದು. ಆದರೆ ಮಳೆಯೊಂದೇ ಅಪರಾಧಿ ಎಂದು ನನಗೆ ಒಪ್ಪಿಗೆಯಾಗಲಿಲ್ಲ. ಸಾಕ್ಷಿ ಹುಡುಕುತ್ತ ದಿನಾ ಒರತೆಯ ಹತ್ತಿರ ಹೋಗಿ ನೋಡತೊಡಗಿದೆ.

ಒಂದು ದಿನ ಒರತೆ ಮೊಣಕಾಲುದ್ದ ತುಂಬಿತ್ತು. ಹನಿ ಮಳೆಯಿಲ್ಲ, ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮರುದಿನ ಮತ್ತೆ ಇಳಿಯಿತು. ಕೆಲವು ದಿನಗಳ ಮೇಲೆ ಮತ್ತೆ ಏರಿತು. ಯೋಚಿಸಿದರೆ, ಎರಡು ಸಲವೂ ದಡದ ಮೇಲಿನ ಮೂರ್ನಾಲ್ಕು ಮನೆಗಳ ಹುಳ ಒಟ್ಟಿಗೇ ಜ್ವರಕ್ಕೆ ಕೂತಿದ್ದವು! ಗಿಡಕ್ಕೆ ಜ್ವರವಿಲ್ಲವಲ್ಲ, ಅದು ನೀರು ಕುಡಿಯುವುದನ್ನು ಬಿಡುವುದಿಲ್ಲವಲ್ಲ ಎಂದು ನೀವು ಆಕ್ಷೇಪಿಸಬಹುದು. ಒಳ್ಳೆಯ ಆಕ್ಷೇಪ. ಆದರೆ ಮೋಟಾರಿನ ಸ್ವಿಚ್ ಹಾಕುವುದು ಗಿಡವಲ್ಲ, ದೊಡ್ಡಪ್ಪ. ಹುಳ ಮಲಗಿದ ದಿನ ಸೊಪ್ಪು ಕೊಯ್ಯುವ ಕೆಲಸವಿಲ್ಲ, ತೋಟದ ಕಡೆ ಯಾರೂ ತಲೆಹಾಕುವುದಿಲ್ಲ, ಮೋಟಾರೂ ಓಡುವುದಿಲ್ಲ. ದೊಡ್ಡಪ್ಪನೂ ಅಂಥವರೂ ಶರ್ಟು ತೊಟ್ಟು ರಾಮನಗರಕ್ಕೆ ಸಿನಿಮಾ ನೋಡಲು ಹೋಗುತ್ತಾರೆ. ಅರ್ಕಾವತಿ ಉಸಿರಾಡುತ್ತಿದ್ದದ್ದು ಮ್ಯಾಟಿನಿ ಶೋ ಹೊತ್ತಿನಲ್ಲಿ.

ಗೆದ್ದ ಹುಮ್ಮಸ್ಸಿನಲ್ಲಿ ಇದನ್ನೆಲ್ಲ ದೊಡ್ಡವ್ವನ ಮುಂದೆ ಮಂಡಿಸಿದೆ. ಅವಳು ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿದಳು.

"ಅಂದ್ರೆ ಹೊಳೆ ಕುಡ್ದೋಳು ನಾನು ಅಂತೀಯ?"

"ನೀನೊಬ್ಳೇ ಅಲ್ಲ ದೊಡ್ಡವ್ವ. ನಾನೂನೂ."

"ಅಂಗಾರೆ ಹುಳ ಎತ್ತಿ ತಿಪ್ಪೆಗ್ ಎಸ್ದುಬುಡ್ಲಾ? ಆಮೇಲೆ ನಿನ್ನ ಕಾಲೇಜಿಗ್ ಹೊಳೆ ಕಳಿಸ್ತದಾ, ಲಾಯರಮ್ಮ?"

ಉತ್ತರ ನಾಲಿಗೆಯ ತುದಿಗೇ ಬಂತು, ಆದರೆ ಅದು ನನ್ನ ಪಕ್ಷದ ಉತ್ತರವಾಗಿರಲಿಲ್ಲ. ನನ್ನನ್ನು ಕಾಲೇಜಿಗೆ ಕಳಿಸಿದ್ದು ಹೊಳೆಯೇ. ಮರಳಿನಲ್ಲಿ ಹರಿಯುವುದನ್ನು ಬಿಟ್ಟು ಬಾವಿಗೆ ಇಳಿದು, ಸೊಪ್ಪಿಗೆ ಏರಿ, ಹುಳದ ಹೊಟ್ಟೆ ಹೊಕ್ಕು, ಗೂಡಾಗಿ, ಕೊನೆಗೆ ವೇದಿಕೆಯ ಮೇಲೆ ಕೈಬೀಸಿ ಮಾತಾಡುತ್ತಿದ್ದದ್ದು ಆ ನೀರೇ. ನದಿ ದಿಕ್ಕು ಬದಲಿಸುವುದನ್ನು ಭೂಗೋಳದಲ್ಲಿ ಓದಿದ್ದೆ. ನನ್ನ ಕಡೆಗೇ ತಿರುಗಿದ್ದನ್ನು ಮಾತ್ರ ಗಮನಿಸಿರಲಿಲ್ಲ. ಕೃತಜ್ಞತೆ ಎನ್ನುವುದು ವಾದಕ್ಕೆ ಬಲು ತೊಡಕು. ಅವಳು ನಿಲ್ಲಿಸಿದ್ದ ಸೊಪ್ಪನ್ನು ನಾನು ಹೆಚ್ಚತೊಡಗಿದೆ.

ಮುಂದಿನ ಬೆಳೆಗೆ ಅವಳು ದಡದ ಮನೆಮನೆಗೂ ಹೋಗಿ, ಎಲ್ಲರೂ ಒಂದೇ ದಿನ ರೇಷ್ಮೆಮೊಟ್ಟೆ ತರುವ ಹಾಗೆ ಒಪ್ಪಿಸಿದಳು. ಹೊಳೆಯ ಮಾತೇ ಎತ್ತಲಿಲ್ಲ. "ಎಲ್ಲಾರ್ ಹುಳನೂ ಒಂದೇ ಕಿತ ಎದ್ರೆ ರೋಗ ಕಮ್ಮಿ" ಎಂದಳು. ಅದೂ ಸುಳ್ಳಲ್ಲ. ಊರಿನ ಹುಳಕ್ಕೆಲ್ಲ ಒಟ್ಟಿಗೇ ಜ್ವರ ಬಂದ ದಿನ ಅವಳು ದಡದ ಮೇಲೆ ಓಡಾಡಿ ಬಂದಳು. ನಮ್ಮ ಮೋಟಾರಿನ ಫ್ಯೂಸು, ಪಕ್ಕದವರದು, ಅದರಾಚೆಯವರದು, ಎಲ್ಲ ಅವಳ ಎಲೆಅಡಿಕೆ ಚೀಲದಲ್ಲಿ ಸೇರಿದ್ದವು. ಅಂದು ದೊಡ್ಡಪ್ಪ, ಸಿನಿಮಾ ಚೆನ್ನಾಗಿಲ್ಲವೆಂದು ಊರಲ್ಲೇ ಉಳಿದಿದ್ದವನು, ಮೋಟಾರು ಮನೆಯಿಂದ ಕೂಗಿದ: "ಲೇ, ಫ್ಯೂಸ್ ಎಲ್ಲೇ?"

"ಜ್ವರಕ್ ಕೂತೈತೆ. ಮುಟ್ಬ್ಯಾಡ!"

ಸಂಜೆ ಒರತೆ ಅಂಚಿನವರೆಗೆ ತುಂಬಿತ್ತು. ಕೆಳಬೀದಿಯ ಬಿಂದಿಗೆಗಳೆಲ್ಲ ತುಂಬಿದ ಮೇಲೂ ಕೆಂಚಣ್ಣನ ಕುರಿಗಳು ಮೂತಿಯಿಟ್ಟು ಕುಡಿಯುತ್ತಿದ್ದವು. ಅವನು ಕಬ್ಬಾಳಿಗೆ ಹೋಗುವ ಮಾತೆತ್ತಲಿಲ್ಲ, ಅಲ್ಲಿಯ ದೇವಿಯನ್ನು ನೆನೆದ. "ಕಬ್ಬಾಳಮ್ಮನೇ ಕಣ್ಬುಟ್ಟವ್ಳೆ ಕಣಕ್ಕ" ಎಂದ. ಕಣ್ಣು ಬಿಟ್ಟದ್ದು ಕಬ್ಬಾಳಮ್ಮನಲ್ಲ, ಫ್ಯೂಸು ಕಿತ್ತವಳು ಎದುರಿಗೇ ನಿಂತಿದ್ದಾಳೆ ಎಂದು ಸಾಕ್ಷಿಸಮೇತ ವಿವರಿಸಲು ನಾನು ಬಾಯಿ ತೆರೆದೆ. ದೊಡ್ಡವ್ವ ಅಷ್ಟರಲ್ಲಿ ಚೊಂಬು ಅದ್ದಿ ನನ್ನ ಬಾಯಿಗೇ ಹಿಡಿದಳು.

"ಕುಡಿ ಮದ್ಲು. ನೋಡು, ಹೊಳೆ ಬತ್ತದೆ."

ಬರುತ್ತದೆ ಎಂದಳೋ, ಬತ್ತುತ್ತದೆ ಎಂದಳೋ, ಬತ್ತಿಹೋಗದೆ ಎಂದಳೋ, ಕೇಳಬಹುದಿತ್ತು. ಕೇಳಲಿಲ್ಲ. ಬಾಯಿ ತುಂಬ ನೀರಿತ್ತು.