ಅವ್ವನ ಹರಕೆ, ಅಪ್ಪನ ಒಪ್ಪೊತ್ತು

ಕನಕಪುರದ ಕಡೆಯ ನಮ್ಮ ಮನೆಯ ಹಜಾರದಲ್ಲಿ ರೇಷ್ಮೆಹುಳು ಸೊಪ್ಪು ಮೇಯುವ ಸದ್ದು ಹಗಲೆಲ್ಲ ಮೆಲ್ಲಗೆ ತುಂಬಿಕೊಂಡಿರುತ್ತಿತ್ತು. ಆ ಸದ್ದಿನೊಳಗೆ ಅವ್ವ ಹುಳುವಿನ ತಟ್ಟೆಗಳ ನಡುವೆ ತೇಲಿದಂತೆ ಓಡಾಡುತ್ತಿದ್ದಳು. ಇವತ್ತಿಗೂ ಕಣ್ಣು ಮುಚ್ಚಿದರೆ ಅವಳು ಕಾಣುವುದು ಹಾಗೆಯೇ, ಸೊಪ್ಪಿನ ಹಸಿರು ಬೆಳಕಿನಲ್ಲಿ.

ಅವಳ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆಯಿತ್ತು. ಬೆಂಗಳೂರಿನ ಡಾಕ್ಟರು ಬಿಡಿಸಿ ಹೇಳಿದ್ದರು. ಗಡ್ಡೆ ತೆಗೆದ ಮೇಲಿನ ದಿನಗಳೇ ಕಷ್ಟ. ಗ್ರಂಥಿ ಮೆತ್ತಗಿದ್ದು ನಾಳ ಸಣ್ಣದಿದ್ದರೆ ಹೊಲಿಗೆ ನಿಲ್ಲದೆ ಜೀರ್ಣರಸ ಒಳಗೇ ಸೋರಬಹುದು, ಅದು ಯಾರ ಕೈಲೂ ಇಲ್ಲ. ಮೈಯಲ್ಲಿ ಕಸುವಿಲ್ಲದಿದ್ದರೆ ಗಾಯವೂ ಕೂಡುವುದಿಲ್ಲ, ಕಸುವು ತುಂಬುವುದು ಮಾತ್ರ ನಿಮ್ಮ ಕೈಲಿದೆ, ಚೆನ್ನಾಗಿ ತಿನ್ನಿಸಿ ಕರೆತನ್ನಿ ಎಂದರು.

ಮೊಟ್ಟೆ, ಹಾಲು, ಕಾಳು ಎಂದು ನಾವು ಕುಣಿದಾಡಿದೆವು. ಮುಂದಿನ ಸಲ ತೂಗಿದರೆ ಇನ್ನೂ ಇಳಿದಿದ್ದಳು! ಹೀಗಾದರೆ ಆಪರೇಷನ್ ಮಾಡಲಾರೆ ಎಂದುಬಿಟ್ಟರು ಡಾಕ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಗದರಿ ಕೇಳಿದಾಗ ಬಾಯಿಬಿಟ್ಟಳು. ಎಲ್ಲ ಸುಸೂತ್ರವಾಗಲೆಂದು ಕಬ್ಬಾಳಮ್ಮನಿಗೆ ಒಪ್ಪೊತ್ತು ಉಣ್ಣುವ ಹರಕೆ ಹೊತ್ತಿದ್ದಳಂತೆ. ಮೊಟ್ಟೆಯೆಲ್ಲ ಬೀದಿ ನಾಯಿಯ ಪಾಲಾಗಿತ್ತು.

ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದನ್ನು ನಮ್ಮವರು ಜ್ವರ ಎನ್ನುತ್ತಾರೆ. ಅವ್ವ ಅದನ್ನೇ ಮುಂದಿಟ್ಟಳು. "ಹುಳ ಜ್ವರಕ್ಕೋದಾಗ ಸೊಪ್ಪು ಆಕ್ತೀವಾ? ಎದ್ಮೇಲೆ ಎಂಗ್ ಮೇಯ್ತವೆ! ನಾನೂ ಅಂಗೇ ಏಳ್ತೀನಿ."

"ನೀನು ಹುಳನೇನಮ್ಮಿ?" ಎಂದ ಅಪ್ಪ.

ಅಪ್ಪನೋ, ಸಾರು ಒಂದು ಗಳಿಗೆ ತಡವಾದರೆ ಮನೆಯನ್ನೇ ತಲೆಕೆಳಗು ಮಾಡುವ ಮನುಷ್ಯ. ಮರುದಿನ ಅವಳನ್ನು ಕಬ್ಬಾಳಿಗೆ ಕರೆದೊಯ್ದು ದೇವಿಯ ಮುಂದೆ ಕೈಮುಗಿದು ನಿಂತ. "ತಾಯಿ, ಇವ್ಳ ಹರಕೆ ನಂಗಿರ್ಲಿ. ಇವ್ಳು ವಾಸಿಯಾಗಿ ಮನೆಗೆ ಬರೋಗಂಟ ನಾನು ಒಪ್ಪೊತ್ತು ಉಣ್ತೀನಿ." ಅವ್ವ ಅಲ್ಲೇ ಅತ್ತಳು. ಅಂದಿನಿಂದ ಎದುರು ಕೂತ ಅಪ್ಪನ ಬರಿ ತಟ್ಟೆ ನೋಡುತ್ತ, ತುತ್ತು ತುತ್ತಾಗಿ ಎಲ್ಲ ತಿಂದಳು.

ಆಪರೇಷನ್ ಆಯಿತು. ಗ್ರಂಥಿ ಮೆತ್ತಗೇ ಇತ್ತಂತೆ. ಹೊಟ್ಟೆಗಿಟ್ಟ ಟ್ಯೂಬಿನಲ್ಲಿ ಇಳಿಯುವ ನೀರಿನ ಬಣ್ಣ ನೋಡುತ್ತ ನಾವು ದಿನ ದೂಡಿದೆವು. ಕೆಲವು ದಿನ ಅದು ಮಬ್ಬಾಗಿ ಬಂದು, ಒಳಗೆ ರಸ ಸೋರುತ್ತಿದೆಯೆಂದು ಜೀವ ಬಾಯಿಗೆ ತಂದಿತು. ಆಮೇಲೆ ನಿಧಾನವಾಗಿ ತಿಳಿಯಾಗಿ, ನಿಂತಿತು.

ಟ್ಯೂಬ್ ತೆಗೆದ ದಿನ ಅವ್ವ ಗಾಯದ ಕಡೆ ನೋಡಲೇ ಇಲ್ಲ. ಮೈಮೇಲೆ ಅಂಗಿ ಜೋಲಾಡುತ್ತ ಬಾಗಿಲಲ್ಲಿ ನಿಂತಿದ್ದ ಅಪ್ಪನನ್ನೇ ನೋಡುತ್ತ ನನಗೆಂದಳು, "ಎಂಗ್ ಸೊರಗೋಗವ್ರೆ ನೋಡು. ಮೊದ್ಲು ಅವ್ರಿಗೆ ಉಣ್ಣಕ್ಕಿಕ್ಕು."

ಅಪ್ಪ ತಲೆಯಾಡಿಸಿದ. "ನೀನೇ ಮನೆಗ್ ಬಂದು ಇಕ್ಕು. ಅಲ್ಲೀಗಂಟ ಹರಕೆ ಐತೆ."