ಕಜೀಜ ಅತ್ತೆಯ ಮನೆಗೆ ಬಂದ ಅತಿಥಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಏಡಿ ಮರಳಿನ ಮೇಲೆ ಓಡಿದ ಹಾಗಿದೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಆ ಶಾಲೆಯನ್ನೂ ನಾನು ಮುಗಿಸಲಿಲ್ಲ. ನನ್ನ ಹತ್ತಿರ ಮಾತುಗಳೂ ಕಡಿಮೆ. ತಪ್ಪಿದ ಕಡೆ ಹೊಡೆದು ಹಾಕಿ ಮತ್ತೆ ಬರೆದಿದ್ದೇನೆ. ಇದು ನನ್ನ ಸೋದರತ್ತೆ ಕಜೀಜಳ ಕಥೆ. ಇದರಲ್ಲಿ ಬರುವ ಮಕಾಮೆ ಅವಳ ಅಣ್ಣ, ನನ್ನ ಅಪ್ಪ. ಸೆಮೇನಿ ನನ್ನ ಅಮ್ಮ. ಕಥೆಯಲ್ಲವೇ ಎಂದು ಹೆಸರು ಹಿಡಿದು ಬರೆದಿದ್ದೇನೆ, ಮರ್ಯಾದೆ ಇಲ್ಲವೆಂದಲ್ಲ. ನಾನು ನೋಡದೇ ಇದ್ದದ್ದನ್ನು ಅತ್ತೆಯನ್ನೇ ಕೇಳಿ ತಿಳಿದುಕೊಂಡೆ.

ಕಜೀಜಳ ಗಂಡ ಅವಳನ್ನು ಬಿಟ್ಟು ಪೆಂಬಾ ದ್ವೀಪಕ್ಕೆ ಹೊರಟುಹೋದಾಗ, ಇನ್ನು ಅವಳು ಅಣ್ಣನ ಮನೆ ಸೇರುತ್ತಾಳೆ ಎಂದು ಊರಿನವರೆಲ್ಲ ಅಂದುಕೊಂಡರು. ನಮ್ಮ ದ್ವೀಪದ ಈ ಮಕುಂಡೂಚಿ ಊರಿನಲ್ಲಿ ನಡೆಯುವುದು ಹಾಗೆಯೇ. ಕಜೀಜ ಚಾಪೆ ಸುತ್ತಿಕೊಂಡು ಆ ಕಡೆ ಹೋಗಲಿಲ್ಲ. ನೀರು ಇಳಿದಾಗಲೆಲ್ಲ ಸಮುದ್ರದೊಳಗೆ ನಡೆದುಹೋಗಿ, ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ಹಗ್ಗ ಬಿಗಿದು, ಹಗ್ಗದ ತುಂಬ ಕಡಲಪಾಚಿ ಕಟ್ಟಿ ಬೆಳೆಸಿದಳು. ಒಣಗಿಸಿ ಮಾರಿದಳು. ಒಂದೊಂದೇ ಹವಳದ ಕಲ್ಲು ಹೊತ್ತು ತಂದು, ಸುಣ್ಣ ಸುಡಿಸಿ, ಅವ್ವ ಬಿಟ್ಟುಹೋದ ತುಂಡು ನೆಲದ ಮೇಲೆ ಮನೆ ಎಬ್ಬಿಸಿದಳು. ಹಿಂದೊಂದು ಅಂಗಳ, ಮುಂದೊಂದು ಕಲ್ಲಿನ ಜಗುಲಿ. ಜಗುಲಿಯ ಮೇಲೆ ಕೂತರೆ ಸಮುದ್ರ ಕಾಣುತ್ತದೆ. ತೊಂದರೆ ಆದದ್ದೇ ಅದರಿಂದ.

ಪ್ರವಾಸಿಗರನ್ನು ನೀರಲ್ಲಿ ಮುಳುಗಿಸಿ ಮೀನು ತೋರಿಸುವ ಒಬ್ಬಾತ ತನ್ನ ರಬ್ಬರು ಬಟ್ಟೆ, ಗಾಳಿಡಬ್ಬಿ ಇಡಲು ಸಮುದ್ರದ ಹತ್ತಿರ ಮನೆ ಹುಡುಕುತ್ತಿದ್ದ. ಕಜೀಜಳ ಮನೆ ಅವನ ಕಣ್ಣಿಗೆ ಬಿತ್ತು. ಅವನು ಬಂದು ಕೇಳಿದ್ದು ಕಜೀಜಳನ್ನಲ್ಲ, ಮಕಾಮೆಯನ್ನು. ಮಕಾಮೆಗೂ ಅದು ಸರಿಯೆನಿಸಿತು. ಗಂಡಿಲ್ಲದ ಹೆಂಗಸಿಗೆ ಬೇರೆ ಮನೆ ಯಾಕೆ ಎಂದು ಅವನು ಮೊದಲಿನಿಂದಲೂ ಕೇಳುತ್ತಿದ್ದ.

ಅವನ ಬಾಯಿಗೆ ಒಂದು ನೆಪವೂ ಸಿಕ್ಕಿತ್ತು. ಜುಲೈ ಕೊನೆಗೆ ನಮ್ಮ ಹೊಸವರ್ಷದ ಮ್ವಾಕಾ ಹಬ್ಬ. ಆ ದಿನ ಪ್ರತಿ ಮನೆಯಲ್ಲೂ ಹೊರಗಿನ ಒಬ್ಬ ಅತಿಥಿ ಕೂತು ಉಣ್ಣಬೇಕು. ಅತಿಥಿಯಿಲ್ಲದ ಮನೆ ಇಡೀ ವರ್ಷ ಬಾಡಿದ ಮನೆ. ಕಜೀಜಳ ಮನೆಗೆ ಹಿಂದಿನ ಹಬ್ಬಕ್ಕೆ ಯಾರೂ ಬರಲಿಲ್ಲ, ಅದರ ಹಿಂದಿನ ಹಬ್ಬಕ್ಕೂ ಬರಲಿಲ್ಲ. ಬರುವುದಾದರೂ ಹೇಗೆ? ಕೂಡುದಾರಿಯಲ್ಲಿ ನಿಂತು, ಬಂದವರನ್ನೆಲ್ಲ ತನ್ನ ಮನೆಗೂ ತನ್ನ ಗೆಳೆಯರ ಮನೆಗೂ ಹಂಚುತ್ತಿದ್ದವನು ಮಕಾಮೆಯೇ.

"ಈ ಸಲಾನೂ ಯಾರೂ ಬರ್ಲಿಲ್ಲ ಅಂದ್ರೆ, ಆ ಮನೆಗೆ ಏಳಿಗೆ ಇಲ್ಲ ಅಂತಲೇ ಅರ್ಥ," ಎಂದು ಅವನು ಹಿರಿಯರ ಎದುರಿಗೆ ತಂಗಿಗೆ ಹೇಳಿದ. "ಬೀಗ ಹಾಕಿ ನಮ್ಮನೆಗೆ ಬಂದುಬಿಡು. ಮನೆ ಆ ಮೀನಿನವನಿಗೆ ಹೋಗ್ಲಿ."

"ಆಗ್ಲಿ," ಎಂದಳು ಕಜೀಜ. "ಬಂದ್ರೆ?"

"ಬಂದ್ರೆ ಆ ಮಾತು ಮತ್ತೆ ಎತ್ತಲ್ಲ."

ಸಿಟ್ಟಿನಲ್ಲಿ ಒಪ್ಪಿಬಿಟ್ಟಿದ್ದಳು. ಮನೆಗೆ ಬಂದು, ತಾನು ಉಡುವ ಖಾಂಗಾ ಬಟ್ಟೆಗಳಲ್ಲಿ ಒಂದನ್ನು ಹುಡುಕಿ ತೆಗೆದು, ಒಗೆದು, ಅಣ್ಣನ ಮನೆಗೆ ಮುಖ ಮಾಡಿ ಹಗ್ಗದ ಮೇಲೆ ಹರವಿದಳು. ಅದರ ಅಂಚಿನಲ್ಲಿ "ಹೊಟ್ಟೆಕಿಚ್ಚಿಗೆ ಮದ್ದಿಲ್ಲ" ಎಂದು ಅಚ್ಚಾಗಿತ್ತು. ಅದು ಒಣಗಿದ ಮೇಲೂ ಹಗ್ಗದ ಮೇಲೆಯೇ ಇತ್ತು.

ಹಬ್ಬದ ಹಿಂದಿನ ವಾರ ಒಂದು ಬೆಳಿಗ್ಗೆ ಅವಳು ಪಾಚಿಗೆಂದು ಹೊರಟಾಗ, ದಡದಲ್ಲಿ ಒಬ್ಬ ದಪ್ಪನೆಯ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ಬೆಪ್ಪಾಗಿ ನಿಂತಿದ್ದಳು.

"ಅಕ್ಕಾ, ಸಮುದ್ರ ಎಲ್ಲಿ?"

"ಹೋಗಿದೆ."

"ಹೋಗಿದ್ಯಾ! ನಿನ್ನೆ ಮಧ್ಯಾಹ್ನ ಇಲ್ಲೇ ಇತ್ತಲ್ಲ!"

"ಅದು ನಮ್ಮನ್ನ ಕೇಳ್ಕೊಂಡು ಹೋಗಲ್ಲ. ಮಧ್ಯಾಹ್ನ ಬರುತ್ತೆ. ಚಪ್ಪಲಿ ಕಾಲಿಗೆ ಹಾಕ್ಕೋ. ಅಲ್ಲಿ ಕರೀ ಮುಳ್ಳುಂಡೆಗಳಿವೆ, ಚುಚ್ಚಿದ್ರೆ ಅಳೋದು ನೀನು, ಕೈಯಲ್ಲಿರೋ ಚಪ್ಪಲಿ ಅಲ್ಲ."

ಆ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಆಚೆ ದಡದವಳು, ಬೆಟ್ಟದ ಮೇಲಿನ ಟುಕೂಯು ಊರಿನವಳು. ಹುಡುಗರ ವಸತಿಶಾಲೆಯಲ್ಲಿ ಅಡುಗೆಯವಳು. ಹುಟ್ಟಿದ ಮೇಲೆ ಮೊದಲ ಸಲ ರಜೆ ಹಾಕಿ, ಒಬ್ಬಳೇ ದೋಣಿ ಹತ್ತಿ ಸಮುದ್ರ ನೋಡಲು ಬಂದಿದ್ದಳು.

"ನಿನ್ನ ಏನಂತ ಕರೀಲಿ? ಯಾರ ಅಮ್ಮ ನೀನು?" ಎಂದಳು ಕಜೀಜ.

"ಊರಲ್ಲಿ ಎಲ್ರೂ ಲುಸಾಜೊನ ಅಮ್ಮ ಅಂತಾರೆ. ಇಲ್ಲಿ ನಾನು ಯಾರ ಅಮ್ಮನೂ ಅಲ್ಲ. ಅಟುಪೆಲೆ ಅನ್ನು."

ಅಂದಿನಿಂದ ಅಟುಪೆಲೆ ಕಜೀಜಳ ಜೊತೆಗೇ ಓಡಾಡಿದಳು. ಅವಸರವೆಂಬುದೇ ಇರಲಿಲ್ಲ. ನೀರು ಇಳಿದಾಗ ಬಂಡೆಗುಳಿಗಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಣ್ಣದ ಮೀನು ಹೊರಗೆ ಇಣುಕುವವರೆಗೂ ಕಾಯುವಳು. ಹೆಂಗಸರು ಕೋಲು ಹಿಡಿದು ಎಂಟು ಕಾಲಿನ ಅಷ್ಟಪದಿಯನ್ನು ಬಿಲದಿಂದ ಎಬ್ಬಿಸುವುದನ್ನು ನೋಡುವಳು. ಕೆಸರಲ್ಲಿ ಹೂತು ಕೊಳೆಸಿದ ತೆಂಗಿನ ಸಿಪ್ಪೆಯ ವಾಸನೆಗೆ ಮೂಗು ಮುಚ್ಚಿಕೊಂಡು, ಅದೇ ಸಿಪ್ಪೆಯ ನಾರು ಹೊಸೆಯಲು ಕಲಿತಳು. ಹವಳದ ಗುಹೆಯೊಳಗೆ ಇಳಿದು, ಅಲ್ಲಿನ ಸಿಹಿನೀರಿನಲ್ಲಿ ಮುಖ ತೊಳೆದಳು. ಹಿರಿಯರು ಅಲ್ಲಿಟ್ಟಿದ್ದ ಪನ್ನೀರು, ಧೂಪಕ್ಕೆ ಕೈ ತಾಗದಂತೆ ಬದಿಗೆ ಸರಿದು ನಿಂತಳು. ಕಾಡಿನಲ್ಲಿ ಇದ್ದಿಲು ಕದ್ದು ತಿನ್ನುವ ಕೆಂಪು ಕೋತಿಗಳನ್ನು ಕಂಡು, "ಥೇಟ್ ನಮ್ಮ ಶಾಲೆ ಹುಡುಗ್ರು!" ಎಂದಳು. ಕಿಝಿಮ್ಕಾಝಿಗೆ ಹೋಗಿ, ಹಳೆಯ ಮಸೀದಿಯ ಕಲ್ಲಿನ ಕೆತ್ತನೆಯನ್ನು ಹೊರಗಿನಿಂದ ನೋಡಿ ಬಂದರು. ಅಲ್ಲಿ ಪ್ರವಾಸಿಗರ ದೋಣಿಗಳು ಡಾಲ್ಫಿನ್‌ಗಳ ಹಿಂದೆ ಬಿದ್ದಿದ್ದವು. ದೋಣಿಯವನೊಬ್ಬ ಇವಳನ್ನೂ ಕರೆದ.

"ಬೇಡಪ್ಪ," ಎಂದಳು ಅಟುಪೆಲೆ. "ಅವೂ ರಜಕ್ಕೆ ಬಂದಿರ್ಬೇಕು. ಬಿಟ್ಬಿಡು."

ಮಧ್ಯಾಹ್ನ ಕಜೀಜಳ ಜಗುಲಿಯ ಮೇಲೆ ಮಲಗಿ ಗೊರಕೆ ಹೊಡೆಯುವಳು. ಬೆಳಿಗ್ಗೆ ಎದ್ದು ಯಾರಿಗೂ ಗಂಜಿ ಕಾಯಿಸದೇ ಇರುವ ಸುಖ ಹೇಳಲು ಬರುವುದಿಲ್ಲ ಎನ್ನುವಳು.

ಒಂದು ಸಂಜೆ ಕಜೀಜ ಇದ್ದ ವಿಷಯವನ್ನೆಲ್ಲ ಹೇಳಿದಳು. "ಹಬ್ಬದ ದಿನ ನಮ್ಮನೇಲಿ ಉಣ್ತೀಯಾ? ಇದ್ರಲ್ಲಿ ನಂಗೆ ಸ್ವಾರ್ಥ ಇದೆ. ಮುಚ್ಚಿಡಲ್ಲ."

ಅಟುಪೆಲೆ ಹೊಸೆಯುತ್ತಿದ್ದ ನಾರು ಕೆಳಗಿಟ್ಟಳು. "ನನ್ನನ್ನ ಯಾರೂ ಅತಿಥಿ ಅಂತ ಕರೆದಿಲ್ಲ ಕಣೇ. ಯಾರ ಮದುವೆಗೆ ಹೋದ್ರೂ ನನ್ನ ಜಾಗ ಅಡುಗೆಮನೇಲೇ. ಉಣ್ತೀನಿ. ಆದ್ರೆ ಪಾತ್ರೆ ತೊಳೆಯಲ್ಲ."

"ಮುಟ್ಟೋಕೂ ಬಿಡಲ್ಲ," ಎಂದಳು ಕಜೀಜ.

ಸುದ್ದಿ ಮಕಾಮೆಗೆ ಮುಟ್ಟಿತು. ಮಾರನೆಯ ದಿನ ದಾರಿಯಲ್ಲಿ ತಂಗಿಯನ್ನು ನಿಲ್ಲಿಸಿದ.

"ಅವಳಾ ನಿನ್ನ ಅತಿಥಿ? ಆಚೆ ದಡದ ಅಡುಗೆಯವಳು! ಅತಿಥಿ ಅಂದ್ರೆ ದೂರದಿಂದ ಬಂದಿರ್ಬೇಕು, ಬಿಳಿಯರು."

"ಎರಡು ದಿನ ಬಸ್ಸಲ್ಲಿ ಕೂತು, ಆಮೇಲೆ ದೋಣಿ ಹತ್ತಿ ಬಂದಿದ್ದಾಳೆ. ಇನ್ನೂ ಎಷ್ಟು ದೂರ ಬೇಕಿತ್ತು ನಿಂಗೆ?"

"ನಮ್ಮ ಧರ್ಮದವಳೂ ಅಲ್ಲ."

"ನಿನ್ನ ಬಿಳಿಯರೆಲ್ಲ ಹಜ್ ಮುಗಿಸ್ಕೊಂಡೇ ಬಂದಿದ್ದಾರಾ?"

ಪಕ್ಕದಲ್ಲಿ ಲವಂಗ ಹರವುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದರು. ಮಕಾಮೆ ಮುಖ ಕೆಂಪಗೆ ಮಾಡಿಕೊಂಡು ಹೋದ.

ಹಬ್ಬದ ದಿನ ಬಯಲಿನಲ್ಲಿ ಗಂಡಸರು ಬಾಳೆದಿಂಡು ಹಿಡಿದು ಎರಡು ಗುಂಪಾಗಿ ನಿಂತರು. ವರ್ಷದ ಸಿಟ್ಟನ್ನೆಲ್ಲ ಅಲ್ಲೇ ಹೊಡೆದು ಮುಗಿಸಬೇಕು, ಮನೆಗೆ ಒಯ್ಯಬಾರದು. ದಿಂಡು ಬೆನ್ನಿಗೆ ಬಿದ್ದು ನೀರು ಚಿಮ್ಮುತ್ತಿತ್ತು.

"ನಮ್ಮೂರಲ್ಲಿ ಇದನ್ನ ಹಸುವಿಗೆ ಹಾಕ್ತೀವಿ," ಎಂದು ಅಟುಪೆಲೆ ಕೂಗಿದಳು. "ನೀವು ಅಣ್ಣತಮ್ಮಂದಿರಿಗೆ ಹಾಕ್ತೀರಲ್ಲ!"

ಹೆಂಗಸರ ಸಿಟ್ಟಿಗೆ ದಿಂಡಿಲ್ಲ, ಹಾಡಿದೆ. ಹೊಸ ಬಟ್ಟೆ ಉಟ್ಟು ಬಯಲು ಸುತ್ತುತ್ತಾ ಹಾಡುವ ಸಾಲಿನಲ್ಲಿ ಕಜೀಜ ಎಲ್ಲರಿಗಿಂತ ಮುಂದಿದ್ದಳು. ಮಕಾಮೆ ಪ್ರವಾಸಿಗರ ಗುಂಪಿನ ನಡುವೆ ನಿಂತಿದ್ದ ಕಡೆ ಬಂದಾಗ ಅವಳು ಕಟ್ಟಿದ ಪದ ಇದು:

"ಕೂಡುದಾರಿ ಕಾಯೋ ಹುಂಜ, ಕೂಗೋದೆಲ್ಲ ನನ್ನ ಕಡೆಗೆ,
ನಿನ್ನ ತಿಪ್ಪೆ ನೀನು ಕೆದಕು, ಕಾಳು ಸಿಕ್ಕರೆ ಹೇಳು ನನಗೆ."

ಹಿಂದಿನವರೆಲ್ಲ ಅದನ್ನೇ ಎತ್ತಿಕೊಂಡು ಮತ್ತೆ ಮತ್ತೆ ಹಾಡಿದರು. ಅರ್ಥವಾಗದ ಬಿಳಿಯರು ಚಪ್ಪಾಳೆ ತಟ್ಟಿದರು.

ಹಬ್ಬಕ್ಕೆಂದು ಕಟ್ಟಿದ ಗರಿಯ ಗುಡಿಸಲಿಗೆ ಬೆಂಕಿ ಇಟ್ಟು, ವರ್ಷ ಹೇಗಿರುತ್ತದೆಂದು ತಿಳಿಯಲು ಹೊಗೆ ಎತ್ತ ಹೋಯಿತೆಂದು ಹಿರಿಯರು ನೋಡಿ ಮುಗಿಸಿದ ಕೂಡಲೇ ಎಲ್ಲರೂ ಊಟಕ್ಕೆ ತಿರುಗಿದರು. ಆಗಲೇ ಹೋಟೆಲಿನ ಬಸ್ಸು ಹಾರನ್ ಬಾರಿಸಿತು. ಊಟ ಹೋಟೆಲಿನಲ್ಲೇ ತಯಾರಾಗಿದೆಯಂತೆ. ಮಕಾಮೆ ಬಸ್ಸಿನ ಬಾಗಿಲ ಹತ್ತಿರ ನಿಂತು ಕೈ ಮುಂದೆ ಚಾಚಿ ಕರೆಯುತ್ತಿದ್ದಂತೆಯೇ, ಬಿಳಿಯರೆಲ್ಲ ಅವನ ಕೈ ಕುಲುಕಿ ಬಸ್ಸು ಹತ್ತಿ ಹೋಗಿಬಿಟ್ಟರು. ಮನೆಯಲ್ಲಿ ಸೆಮೇನಿ ದೊಡ್ಡ ಹಂಡೆಯಲ್ಲಿ ಪಿಲಾವು ಇಳಿಸಿ ಕಾಯುತ್ತಿದ್ದಳು. ಉಳಿದ ಮನೆಗಳಿಗೆ ಬೇರೆ ಊರುಗಳಿಂದ ಯಾರಾದರೂ ಬಂದಿದ್ದರು, ಊರಿನಲ್ಲಿ ಅತಿಥಿಯಿಲ್ಲದ ಮನೆ ಈಗ ಅದೊಂದೇ.

ಕಜೀಜ ಆಗ ತಾನೆ ಚಾಪೆ ಹಾಸಿ ಅಟುಪೆಲೆಯನ್ನು ಕೂರಿಸಿ, ತೆಂಗಿನಹಾಲಿನಲ್ಲಿ ಬೇಯಿಸಿದ ಅಷ್ಟಪದಿ, ಮರಗೆಣಸು, ಅನ್ನ ಎಲ್ಲವನ್ನೂ ತಂದಿಟ್ಟಿದ್ದಳು. ಮಕಾಮೆ ನೇರ ಒಳಗೆ ಬಂದ. ನಮ್ಮಲ್ಲಿ ಪರರ ಮನೆಗೆ ಹೋದವರು ಹೊಸಿಲಾಚೆ ನಿಂತು "ಹೋಡಿ" ಎಂದು ಕೂಗಬೇಕು. ಒಳಗಿನವರು "ಕರೀಬು" ಎಂದ ಮೇಲೆಯೇ ಕಾಲಿಡಬೇಕು. ಮಕ್ಕಳೂ ಅದನ್ನು ಮರೆಯುವುದಿಲ್ಲ. ತನ್ನ ಮನೆಗೆ ಮಾತ್ರ ಯಾರೂ ಹೋಡಿ ಎನ್ನುವುದಿಲ್ಲ. ಮಕಾಮೆ ಈ ಮನೆಗೆ ಒಂದು ದಿನವೂ ಅಂದಿರಲಿಲ್ಲ.

"ಕಜೀಜ, ಇವರನ್ನ ಸ್ವಲ್ಪ ನಮ್ಮನೆಗೆ ಕಳಿಸು. ಮೊದಲ ತುತ್ತು ಅಲ್ಲಿ ತಿಂದು ವಾಪಸ್ ಬರ್ಲಿ."

ಮೊದಲ ತುತ್ತು ಯಾರ ಮನೆಯಲ್ಲೋ, ಅತಿಥಿ ಆ ಮನೆಯವರು. ಅದು ಇಬ್ಬರಿಗೂ ಗೊತ್ತು.

"ಯಾರನ್ನ? ಅಡುಗೆಯವಳನ್ನಾ?"

"ಹಬ್ಬದ ದಿನ ಜಗಳ ಬೇಡ."

"ಹಬ್ಬ ಇರೋದೇ ಅದಕ್ಕೆ. ಬಾಳೆದಿಂಡು ತರ್ಲಾ?"

"ನನ್ನ ಮರ್ಯಾದೆ ಹೋಗುತ್ತೆ ಕಣೇ. ಒಡಹುಟ್ಟಿದವನು ಕೇಳ್ತಾ ಇದ್ದೀನಿ."

ಆ ಮಾತು ಕೇಳಿ, ಕೊಟ್ಟುಬಿಡೋಣ ಎಂದು ಕಜೀಜಳಿಗೆ ಒಂದು ಗಳಿಗೆ ಅನಿಸಿತಂತೆ. ಆಮೇಲೆ ಅವನ ಪಾದ ನೋಡಿದಳು. ಚಪ್ಪಲಿಯನ್ನೂ ಬಿಡದೆ ಅವನು ಅವಳ ಚಾಪೆಯ ಮೇಲೆ ನಿಂತಿದ್ದ.

"ಕೊಡಲ್ಲ," ಎಂದಳು. "ಬೇಕಾದ್ರೆ ನೀನೇ ನನ್ನ ಅತಿಥಿಯಾಗು. ಹೊರಗೆ ಹೋಗು. ಚಪ್ಪಲಿ ಬಿಡು. ಹೋಡಿ ಅನ್ನು. ನಾನೇ ನಿನ್ನ ಕೈಗೆ ನೀರು ಹಾಕ್ತೀನಿ."

"ನಾನು ಹೋಡಿ ಅನ್ಬೇಕಾ? ಇಲ್ಲಿ?"

"ಇಲ್ಲೇ."

ಜಗುಲಿಯ ಹತ್ತಿರ ಅಕ್ಕಪಕ್ಕದವರು ಸೇರಿದ್ದರು. ಮಕಾಮೆ ಹೊರಗೆ ಹೋಗಿ ಅವರ ನಡುವೆ ನಿಂತ. ಹೋಡಿ ಅನ್ನಲಿಲ್ಲ. ಅಷ್ಟರಲ್ಲಿ ಸೆಮೇನಿ ತಲೆಯ ಮೇಲೆ ಪಿಲಾವಿನ ತಟ್ಟೆ ಹೊತ್ತು ಬಂದಳು. ಗಂಡನನ್ನು ದಾಟಿ ಹೊಸಿಲ ಹತ್ತಿರ ನಿಂತು, ಇಡೀ ಕೇರಿಗೆ ಕೇಳುವಂತೆ ಕೂಗಿದಳು: "ಹೋಡಿ!"

"ಕರೀಬು, ಅತ್ತಿಗೆ!"

"ನಮ್ಮನೇಲಿ ಅನ್ನ ಆರಿಹೋಗ್ತಾ ಇದೆ. ಇಲ್ಲಾದ್ರೂ ತಿನ್ನೋರಿದ್ದಾರಲ್ಲ," ಎಂದು ಒಳಗೆ ಬಂದು ಕೂತಳು.

ಅಟುಪೆಲೆ ಮೊದಲ ತುತ್ತು ಬಾಯಿಗಿಟ್ಟಳು. ಒಳಗಿದ್ದವರು, ಹೊರಗಿದ್ದವರು ಎಲ್ಲರೂ ಅವಳ ಬಾಯನ್ನೇ ನೋಡಿದರು. ಅವಳು ನಿಧಾನವಾಗಿ ಅಗಿದು ನುಂಗಿದಳು.

"ಉಪ್ಪು ಒಂಚೂರು ಕಮ್ಮಿ," ಎಂದಳು. "ಆದ್ರೆ ನಾನು ಅತಿಥಿ, ನಂಗ್ಯಾಕೆ ಆ ಮಾತು!"

ನಗು ನಿಂತಾಗ ಮಕಾಮೆ ಅಲ್ಲಿರಲಿಲ್ಲ.

ಅಟುಪೆಲೆ ಲವಂಗದ ಪೊಟ್ಟಣ, ಪಾಚಿಯ ಸಾಬೂನು ಕಟ್ಟಿಕೊಂಡು ಊರಿಗೆ ಹೋದಳು. ಮೀನಿನವನು ಬೇರೆ ಎಲ್ಲೋ ಮನೆ ನೋಡಿಕೊಂಡ. ಮಕಾಮೆ ಹಿರಿಯರ ಎದುರಿಗೆ ಕೊಟ್ಟ ಮಾತಿನಂತೆ ಆ ವಿಷಯ ಎತ್ತಿಲ್ಲ. ಈಗ ಅವನು ತಂಗಿಯ ಮನೆಯೊಳಗೆ ನುಗ್ಗುವುದೂ ಇಲ್ಲ. ಹೊರಗೆ ನಿಂತು ಕೆಮ್ಮುತ್ತಾನೆ.

"ಯಾರಿಗೋ ನೆಗಡಿ ಆಗಿದೆ," ಎಂದು ಕಜೀಜ ಒಳಗಿನಿಂದ ಗಟ್ಟಿಯಾಗಿ ಹೇಳುತ್ತಾಳೆ. "ಶುಂಠಿ ಕಷಾಯ ಕುಡೀಲಿ." ಬಾಗಿಲು ತೆರೆಯುವುದಿಲ್ಲ. ಅವನು ಇನ್ನೂ ಸ್ವಲ್ಪ ಹೊತ್ತು ಕೆಮ್ಮಿ ಹೋಗುತ್ತಾನೆ. ಎಷ್ಟು ದಿನ ಹೀಗೆ ಎಂದು ಕೇಳಿದರೆ, ಅವನ ಗಂಟಲು ಸರಿಯಾಗುವವರೆಗೆ ಎನ್ನುತ್ತಾಳೆ.

ನಾಳೆ ಬೆಳಿಗ್ಗೆ ನೀರು ಇಳಿದಾಗ ನಾನು ಅತ್ತೆಯ ಜೊತೆ ಪಾಚಿ ಕಟ್ಟಲು ಹೋಗುತ್ತೇನೆ. ಅಪ್ಪ ಬೇಡವೆಂದಿದ್ದಾರೆ. ಅವರಿಗೆ ಹೇಳಿಯೇ ಹೋಗುತ್ತೇನೆ.